ಮುಸುವಕ್ಕಿಲ್ಲದ ಪಾಪ ಮನುಷ್ಯನಿಗೇಕೆ?

ಪ್ರಶ್ನೆ: ಫಾದರ್, ನಾನು ಉಡುಪಿ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಭಾನುವಾರ ನಮ್ಮ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶವನ್ನೂ ಕಲಿಸುತ್ತೇನೆ. ಎರಡೂ ಕಡೆ ನನ್ನ ಕೈಯಲ್ಲಿ ಓದುವ ಹುಡುಗನೊಬ್ಬ ಕೇಳಿದ: ‘ಮಿಸ್, ಗುರುವಾರ ನೀವು ಮನುಷ್ಯನೂ ಚಿಂಪಾಂಜಿಯೂ ಒಂದೇ ಮೂಲದಿಂದ ಬಂದವರು ಎಂದಿರಿ. ಭಾನುವಾರ ಆದಾಮ ಹವ್ವ ಹಣ್ಣು ತಿಂದದ್ದರಿಂದ ಪಾಪ ಬಂತು ಎಂದಿರಿ. ಆದಾಮನೇ ಇಲ್ಲದಿದ್ದರೆ ಪಾಪ ಎಲ್ಲಿಂದ ಬಂತು? ಪಾಪವೇ ಇಲ್ಲದಿದ್ದರೆ ಯೇಸು ಶಿಲುಬೆಯ ಮೇಲೆ ಸತ್ತದ್ದು ಯಾಕೆ?’ ಮುಂದಿನ ವಾರ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಮೂರು ವಾರಗಳಾದವು. ಮನೆಯಲ್ಲಿ ಇನ್ನೊಂದು ಸಂಕಟ. ನನ್ನ ಮಗಳಿಗೆ ಎರಡು ತಿಂಗಳು. ಗಂಡ ಕುವೈತಿನಿಂದ ಬಂದ ಮೇಲೆ ಜ್ಞಾನಸ್ನಾನ ಮಾಡಿಸೋಣವೆಂದು ತಡೆದಿದ್ದೇವೆ. ‘ಮಗುವಿನ ಮೇಲೆ ಜನ್ಮಪಾಪವಿದೆ, ಏನಾದರೂ ಹೆಚ್ಚುಕಡಿಮೆಯಾದರೆ ಅದರ ಗತಿಯೇನು’ ಎಂದು ಅತ್ತೆಯವರು ದಿನವೂ ಹೇಳುತ್ತಾರೆ. ಮಗುವಿನ ಮುಖ ನೋಡುತ್ತಾ, ಇದರಲ್ಲಿ ಪಾಪ ಎಲ್ಲಿದೆ ಎಂದು ಹುಡುಕುತ್ತೇನೆ. ನಾನು ನಂಬಿಕೆಯನ್ನು ಬಿಡಬೇಕೇ, ವಿಜ್ಞಾನವನ್ನು ಬಿಡಬೇಕೇ?

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹುಡುಗನ ಪ್ರಶ್ನೆ ಒಂದು, ಅತ್ತೆಯವರ ಅಂಜಿಕೆ ಇನ್ನೊಂದು ಎಂದು ನೀವು ಬೇರೆ ಬೇರೆಯಾಗಿ ಬರೆದಿದ್ದೀರಿ. ನನಗೆ ಅವು ಒಂದೇ ಬೇರಿನ ಎರಡು ಚಿಗುರುಗಳಂತೆ ಕಾಣುತ್ತವೆ. ಪಾಪವೆಂದರೆ ಎಂದೋ ಒಬ್ಬ ಅಜ್ಜ ತಿಂದ ಹಣ್ಣಿನ ವಿಷ, ಅದು ರಕ್ತದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ತೊಟ್ಟಿಲಿನ ಮಗುವಿನವರೆಗೆ ಬಂದಿದೆ ಎಂಬ ಚಿತ್ರ ಇಬ್ಬರ ಮನಸ್ಸಿನಲ್ಲೂ ಇದೆ. ಅಂಥ ಅಜ್ಜ ಇರಲೇ ಇಲ್ಲವಲ್ಲ ಎಂದು ಹುಡುಗ ಕೇಳುತ್ತಾನೆ. ಆ ವಿಷ ಮೊಮ್ಮಗಳಲ್ಲಿದೆಯಲ್ಲ ಎಂದು ಅತ್ತೆಯವರು ಹೆದರುತ್ತಾರೆ. ನೀವು ನಂಬಿಕೆಯನ್ನೂ ಬಿಡಬೇಕಾಗಿಲ್ಲ, ವಿಜ್ಞಾನವನ್ನೂ ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಈ ಚಿತ್ರವನ್ನು. ಪಾದ್ರಿಗಳಾಗಲಿರುವವರು ಓದುವ ಗುರುಮಠದಲ್ಲಿ ದೈವಶಾಸ್ತ್ರ ಕಲಿಸುತ್ತ ಬಂದ ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ನನ್ನ ತರಗತಿಯಲ್ಲಿ ಬರದ ವರ್ಷವಿಲ್ಲ. ಆದರೆ ಅದನ್ನು ಅತ್ಯಂತ ನೋವಿನಿಂದ ಕೇಳಿದವರು ನನ್ನ ವಿದ್ಯಾರ್ಥಿಗಳಲ್ಲ, ಎಳೆಗೂಸುಗಳ ತಾಯಂದಿರು.

ಆದ್ದರಿಂದ ಮಗುವಿನ ವಿಷಯ ಮೊದಲು. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥ ಈ ಬಗ್ಗೆ ಸ್ಪಷ್ಟವಾಗಿದೆ: ಜನ್ಮಪಾಪ ನಾವು ಮಾಡಿದ್ದಲ್ಲ, ನಮಗೆ ಬಂದೊದಗಿದ್ದು, ಅದು ಒಂದು ಕೃತ್ಯವಲ್ಲ, ಒಂದು ಸ್ಥಿತಿ, ಆದಾಮನ ಸಂತತಿಯ ಯಾರಲ್ಲಿಯೂ ಅದು ವೈಯಕ್ತಿಕ ಅಪರಾಧವಾಗುವುದಿಲ್ಲ. ಅಂದರೆ ನಿಮ್ಮ ಮಗಳು ಯಾವ ತಪ್ಪನ್ನೂ ಮಾಡಿಲ್ಲ, ಯಾವ ತಪ್ಪಿಗೂ ಹೊಣೆಯಲ್ಲ. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುಗಳು ‘ಲಿಂಬೊ’ ಎಂಬ ಅಂಚಿನ ಲೋಕದಲ್ಲಿ ಉಳಿಯುತ್ತವೆ ಎಂದು ನಮ್ಮ ಅಜ್ಜಿಯರು ಕೇಳಿ ಬೆಳೆದಿದ್ದರು. ಅದು ಎಂದೂ ಧರ್ಮಸಭೆಯ ಅಧಿಕೃತ ವಿಶ್ವಾಸಸತ್ಯವಾಗಿರಲಿಲ್ಲ. 2007ರಲ್ಲಿ ವ್ಯಾಟಿಕನ್ನಿನ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇದನ್ನು ದೀರ್ಘವಾಗಿ ಪರಿಶೀಲಿಸಿ, ಅಂಥ ಶಿಶುಗಳ ರಕ್ಷಣೆಯ ಬಗ್ಗೆ ಭರವಸೆಯಿಡಲು ಗಟ್ಟಿಯಾದ ಕಾರಣಗಳಿವೆ ಎಂದಿತು. ಹಾಗೆಂದು ಜ್ಞಾನಸ್ನಾನವನ್ನು ವರ್ಷಗಟ್ಟಲೆ ಮುಂದೂಡಬೇಡಿ. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಮಾಡಿಸಬೇಕೆಂಬುದು ಧರ್ಮಸಭೆಯ ನಿಯಮ. ಗಂಡ ಬರುವುದು ಬಹಳ ತಡವಾಗುವಂತಿದ್ದರೆ ನಿಮ್ಮ ಚರ್ಚಿನ ವಿಚಾರಣಾ ಗುರುಗಳೊಂದಿಗೆ ಮಾತನಾಡಿ ದಿನ ಗೊತ್ತುಮಾಡಿಕೊಳ್ಳಿ. ಜೀವಕ್ಕೆ ಅಪಾಯವಾದರೆ ಯಾರು ಬೇಕಾದರೂ, ನೀವೇ ಆಗಲಿ, ನೀರು ಹೊಯ್ದು ತ್ರಿಯೇಕ ದೇವರ ಹೆಸರಿನಲ್ಲಿ ಜ್ಞಾನಸ್ನಾನ ಕೊಡಬಹುದು. ಇದನ್ನು ಅತ್ತೆಯವರಿಗೆ ಮೆತ್ತಗೆ ಹೇಳಿ. ಅವರು ಹೆದರುತ್ತಿರುವುದು ಮೊಮ್ಮಗಳ ಮೇಲಿನ ಪ್ರೀತಿಯಿಂದ.

ಇನ್ನು ಪದದ ಮಾತು. ‘ಜನ್ಮಪಾಪ’ ಎಂಬ ಕನ್ನಡ ಪದ ನಮಗೆ ಅನುಕೂಲವನ್ನೂ ಮಾಡಿದೆ, ತೊಡಕನ್ನೂ ಮಾಡಿದೆ. ಅದನ್ನು ಕೇಳಿದ ಕೂಡಲೇ ನೆರೆಮನೆಯವರಿಗೆ ಹಿಂದಿನ ಜನ್ಮದ ಕರ್ಮ ನೆನಪಾಗುತ್ತದೆ. ಎಷ್ಟೋ ಕ್ರೈಸ್ತರೂ ಹಾಗೆಯೇ ತಿಳಿದಿದ್ದಾರೆ. ಎರಡೂ ಪೂರ್ತಿ ಬೇರೆ. ಕರ್ಮದ ಲೆಕ್ಕದಲ್ಲಿ ಉಣ್ಣುವವನು ತಾನೇ ಮಾಡಿದ್ದನ್ನು ಉಣ್ಣುತ್ತಾನೆ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಅದರದು. ಜನ್ಮಪಾಪದಲ್ಲಿ ಮಗು ತಾನು ಮಾಡದ್ದನ್ನು ಉಣ್ಣುತ್ತದೆ. ಇದು ಅನ್ಯಾಯವೆಂದು ನಿಮಗನ್ನಿಸಿದರೆ ನಿಮ್ಮ ಜೊತೆಗೆ ಬೈಬಲಿನ ಪ್ರವಾದಿಯೇ ಇದ್ದಾನೆ. ತಂದೆಗಳು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಯಿತು ಎಂಬ ಗಾದೆ ಇಸ್ರಯೇಲಿನಲ್ಲಿ ಚಾಲ್ತಿಯಲ್ಲಿತ್ತು. ಇನ್ನು ಆ ಗಾದೆಯನ್ನು ಎತ್ತಬೇಡಿ, ಮಗ ತಂದೆಯ ದೋಷವನ್ನು ಹೊರುವುದಿಲ್ಲ ಎಂದು ಯೆಜೆಕಿಯೇಲನ 18ನೆಯ ಅಧ್ಯಾಯ ಖಂಡತುಂಡವಾಗಿ ಹೇಳುತ್ತದೆ. ದೋಷ ಇಳಿದುಬರುವುದಿಲ್ಲ. ಆದರೆ ಏನೋ ಇಳಿದುಬರುತ್ತದೆ. ಅದು ಏನೆಂಬುದೇ ನಿಮ್ಮ ಪ್ರಶ್ನೆಯ ತಿರುಳು. ಅದಕ್ಕೆ ಆಮೇಲೆ ಬರುತ್ತೇನೆ.

ವಿಜ್ಞಾನದ ಭಾಗವನ್ನು ನನಗಿಂತ ನೀವು ಚೆನ್ನಾಗಿ ಬಲ್ಲಿರಿ. ಮೊರಾಕ್ಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ ನಮ್ಮ ಜಾತಿಯ ಮನುಷ್ಯರ ಅವಶೇಷಗಳು ಸುಮಾರು 3 ಲಕ್ಷ ವರ್ಷಗಳಷ್ಟು ಹಳೆಯವು. ಇಂದಿನ ಮನುಷ್ಯರಲ್ಲಿರುವ ಜೀನ್‌ಗಳ ವೈವಿಧ್ಯವನ್ನು ನೋಡಿದರೆ ನಮ್ಮ ಪೂರ್ವಜರು ಒಂದು ಕಾಲಕ್ಕೆ ಕೆಲವೇ ಸಾವಿರ ಇದ್ದಿರಬಹುದು. ಕೆಲವು ಸಾವಿರ ವರ್ಷಗಳ ಹಿಂದೆ ಇಬ್ಬರೇ ಇದ್ದರು ಎಂಬುದು ಆ ಲೆಕ್ಕಕ್ಕೆ ಹೊಂದುವುದಿಲ್ಲ. ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ಇಲ್ಲಿ ತೆಗೆಯಬೇಕು, ಏಕೆಂದರೆ ಅದು ನಮ್ಮ ಕಡೆಯವರೇ ಉತ್ಸಾಹದಿಂದ ಹಂಚುವ ಸಂದೇಶ: ‘ವಿಜ್ಞಾನಿಗಳು ಹವ್ವಳನ್ನು ಕಂಡುಹಿಡಿದಿದ್ದಾರೆ’ ಎಂಬುದು. ಮೈಟೊಕಾಂಡ್ರಿಯ ಎಂಬ ಜೀವಕೋಶದ ಭಾಗದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಹೋದಾಗ ಸಿಗುವ, ಮೈಟೊಕಾಂಡ್ರಿಯದ ಹವ್ವ ಎಂದು ಕರೆಯುವ ಆ ಹೆಂಗಸು ತನ್ನ ಕಾಲದ ಏಕೈಕ ಹೆಂಗಸಲ್ಲ. ನಿಮ್ಮ ಊರಿನ ಅಳಿಯಸಂತಾನದ ಮನೆಗಳನ್ನು ನೆನೆಯಿರಿ. ಅಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಮಗಳಿಗೆ ಸಾಗುತ್ತದೆ. ಗಂಡುಮಕ್ಕಳೇ ಹುಟ್ಟಿದ ಮನೆಯಲ್ಲಿ ವಂಶ ಮುಂದುವರಿದರೂ ಬಳಿ ಅಲ್ಲಿಗೆ ನಿಲ್ಲುತ್ತದೆ. ಹಾಗೆ ಉಳಿದ ಹೆಂಗಸರ ಬಳಿಗಳೆಲ್ಲ ಎಲ್ಲೋ ಒಂದು ಕಡೆ ನಿಂತು, ಒಬ್ಬಳ ಬಳಿ ಮಾತ್ರ ಕಡಿಯದೆ ನಮ್ಮವರೆಗೆ ಬಂತು. ಅಷ್ಟೇ ಅದರ ಅರ್ಥ. ವಿಜ್ಞಾನದ ಹೆಸರಿನಲ್ಲಿ ಊರುಗೋಲು ಹುಡುಕಿ ಆದಾಮನನ್ನು ನಿಲ್ಲಿಸಹೊರಟರೆ, ಆ ಕೋಲು ಮುರಿದ ದಿನ ನಂಬಿಕೆಯೂ ಬೀಳುತ್ತದೆ.

ಈಗ ಬೈಬಲಿನ ಮೊದಲ ಪುಸ್ತಕ ಆದಿಕಾಂಡವನ್ನು ತೆಗೆದು, ಮೂರನೆಯ ಅಧ್ಯಾಯವನ್ನು ಮೊದಲ ಸಲ ಓದುವವರಂತೆ ನಿಧಾನವಾಗಿ ಓದಿ. ಅಲ್ಲಿ ಸೇಬು ಇಲ್ಲ. ಲ್ಯಾಟಿನ್ನಿನಲ್ಲಿ ‘ಮಾಲುಮ್’ ಎಂದರೆ ಕೇಡು ಎಂದೂ ಸೇಬು ಎಂದೂ ಅರ್ಥವಾಗುತ್ತದೆ. ಚಿತ್ರಕಾರರ ಸೇಬಿನ ಹಿಂದೆ ಆ ಪದದ ಆಟವೂ ಇದೆ. ಸೈತಾನನ ಹೆಸರೂ ಇಲ್ಲ; ಸರ್ಪವನ್ನು ಕಾಡುಪ್ರಾಣಿಗಳಲ್ಲೆಲ್ಲ ಜಾಣ ಎಂದು ಕರೆದಿದೆ, ಅಷ್ಟೇ. ಎಲ್ಲಕ್ಕಿಂತ ಮುಖ್ಯವಾಗಿ, ‘ಪಾಪ’ ಎಂಬ ಪದವೇ ಆ ಅಧ್ಯಾಯದಲ್ಲಿಲ್ಲ. ಆದಾಮ ಎಂಬುದು ಹೀಬ್ರೂ ಭಾಷೆಯಲ್ಲಿ ಮನುಷ್ಯ ಎಂಬ ಸಾಮಾನ್ಯ ಪದ. ಅದಾಮಾ ಎಂದರೆ ಮಣ್ಣು. ಮಣ್ಣಿನಿಂದಾದವನು ಎಂಬ ನಾದ ಆ ಹೆಸರಿನಲ್ಲೇ ಇದೆ. ತಿಂದ ದಿನವೇ ಸಾಯುವೆ ಎಂದು ದೇವರು ಎಚ್ಚರಿಸಿದರೂ ಆದಾಮ 930 ವರ್ಷ ಬದುಕಿದನೆಂದು ಅದೇ ಪುಸ್ತಕ ಹೇಳುತ್ತದೆ. ಹಾಗಾದರೆ ಆ ಸಾವು ಬರಿಯ ಉಸಿರು ನಿಲ್ಲುವ ಸಾವಲ್ಲ. ದೇವರ ಹೆಜ್ಜೆಯ ಸಪ್ಪಳ ಕೇಳಿ ಮರಗಳ ಹಿಂದೆ ಅಡಗಿಕೊಳ್ಳುವಂತಾದ ಆ ಸ್ಥಿತಿ. ಪ್ರಾಣಿಗಳ ಸಾವಂತೂ ಮನುಷ್ಯನ ಪಾಪದಿಂದ ಬಂದದ್ದಲ್ಲ. ಇದನ್ನು ಹೇಳಲು ಡಾರ್ವಿನ್ ಬೇಕಿರಲಿಲ್ಲ. ಮನುಷ್ಯ ಪಾಪ ಮಾಡುವ ಮೊದಲು ಸಿಂಹ, ಗಿಡುಗಗಳು ಹುಲ್ಲು ತಿನ್ನುತ್ತಿದ್ದವು ಎಂಬ ಮಾತು ಯುಕ್ತವಲ್ಲ, ಮನುಷ್ಯನ ಪಾಪದಿಂದ ಪ್ರಾಣಿಗಳ ಸ್ವಭಾವ ಬದಲಾಗಲಿಲ್ಲ ಎಂದು 13ನೆಯ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಬರೆದಿದ್ದಾರೆ.

ಪಾಪ ಎಂಬ ಪದ ಮೊದಲು ಬರುವುದು ಎಲ್ಲಿ? ನಾಲ್ಕನೆಯ ಅಧ್ಯಾಯದ ಏಳನೆಯ ವಚನದಲ್ಲಿ. ಆದಾಮನ ಹಿರಿಯ ಮಗ ಕಾಯಿನನ ಮುಖ ಹೊಟ್ಟೆಕಿಚ್ಚಿನಿಂದ ಕಳೆಗುಂದಿದೆ, ತಮ್ಮನನ್ನು ಇನ್ನೂ ಕೊಂದಿಲ್ಲ. ಆಗ ದೇವರು ಅವನಿಗೆ ಹೇಳುವ ಮಾತಿನ ಅರ್ಥ ಹೀಗೆ: ಪಾಪ ನಿನ್ನ ಬಾಗಿಲಲ್ಲಿ ಹೊಂಚಿ ಕುಳಿತಿದೆ, ಅದಕ್ಕೆ ನಿನ್ನ ಮೇಲೆ ಆಸೆ, ನೀನು ಅದನ್ನು ಆಳಬೇಕು. ಅಲ್ಲಿರುವ ಹೀಬ್ರೂ ಕ್ರಿಯಾಪದ ಪ್ರಾಣಿ ಮುದುರಿಕೊಂಡು ಕೂತಿರುವುದಕ್ಕೆ ಬಳಸುವ ಪದ. ನನ್ನ ಉತ್ತರವೆಲ್ಲ ಈ ಒಂದು ವಚನದ ಮೇಲೆ ನಿಂತಿದೆ. ಬಾಗಿಲಲ್ಲಿ ಒಂದು ಪ್ರಾಣಿಯಿದೆ. ಒಳಗೆ ಒಬ್ಬನಿದ್ದಾನೆ. ಅವನಿಗೆ ಅದು ಇರುವುದು ಗೊತ್ತು, ಬಾಗಿಲು ತೆರೆಯಬಾರದೆಂದೂ ಗೊತ್ತು.

ಆ ಪ್ರಾಣಿಯ ವಿಷಯದಲ್ಲಿ ಜೀವಶಾಸ್ತ್ರ ನಮಗೆ ಬಹಳ ಹೇಳುತ್ತದೆ, ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಧಾರವಾಡದಲ್ಲೇ ಬರೆದದ್ದು. 1960ರ ದಶಕದ ಆರಂಭದಲ್ಲಿ ಜಪಾನಿನ ಯೂಕಿಮಾರು ಸುಗಿಯಾಮಾ ಎಂಬ ವಿಜ್ಞಾನಿ ಧಾರವಾಡದ ಸುತ್ತಲಿನ ಕಾಡುಗಳಲ್ಲಿ ಮುಸುವಗಳ ಹಿಂಡುಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸಿದರು. ಹೊರಗಿನ ಗಂಡುಗಳು ನುಗ್ಗಿ, ಹಿಂಡಿನ ಯಜಮಾನ ಗಂಡನ್ನು ಓಡಿಸಿ, ಕೊನೆಗೆ ಅವುಗಳಲ್ಲೊಂದು ಹಿಂಡನ್ನು ವಶಪಡಿಸಿಕೊಂಡದ್ದನ್ನು ಅವರು ಕಂಡರು. ಆಮೇಲೆ ತಾಯಂದಿರ ಎದೆಗೆ ಅಂಟಿಕೊಂಡಿದ್ದ ಮರಿಗಳು ಒಂದೊಂದಾಗಿ ಕಚ್ಚಿಸಿಕೊಂಡು ಸತ್ತವು. 1965ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಅನೇಕರು ಇದು ಏನೋ ವಿಕೃತಿಯಿರಬೇಕು ಎಂದರು. 1970ರ ದಶಕದಲ್ಲಿ ಸಾರಾ ಹರ್ಡಿ ಎಂಬ ಅಮೆರಿಕದ ಸಂಶೋಧಕಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಇದನ್ನೇ ಅಭ್ಯಾಸ ಮಾಡಿ ಕಾರಣವನ್ನು ಸೂಚಿಸಿದರು: ಮರಿ ಸತ್ತ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ, ಹೊಸ ಗಂಡಿಗೆ ತನ್ನದೇ ಸಂತಾನ ಬೇಗ ಸಿಗುತ್ತದೆ. ಹಿಂಡಿನ ಮುದಿ ಹೆಣ್ಣುಗಳು ತಮ್ಮದಲ್ಲದ ಮರಿಯನ್ನು ಉಳಿಸಲು ಆ ಗಂಡಿನ ಮೇಲೆಯೇ ಎರಗಿದ್ದನ್ನೂ ಅವರು ದಾಖಲಿಸಿದ್ದಾರೆ. ಇದನ್ನು ಮರೆಯಬಾರದು. ವಿಕಾಸ ನಮಗೆ ಕೋರೆಹಲ್ಲನ್ನು ಮಾತ್ರ ಕೊಟ್ಟದ್ದಲ್ಲ, ಕಾಪಾಡುವ ಕೈಯನ್ನೂ ಕೊಟ್ಟಿದೆ.

ಆ ಗಂಡು ಮುಸುವ ಪಾಪ ಮಾಡಿತೇ? ಈ ಪ್ರಶ್ನೆಯನ್ನು ನಾನು ಪ್ರತಿವರ್ಷ ಗುರುಮಠದ ವಿದ್ಯಾರ್ಥಿಗಳ ಮುಂದೆ ಇಡುತ್ತೇನೆ. ಈವರೆಗೆ ಒಬ್ಬರೂ ಹೌದು ಎಂದಿಲ್ಲ. ಕರುಳು ಕಿವುಚಿದಂತಾಗುತ್ತದೆ, ಆದರೆ ಅದನ್ನು ಪಾಪಿ ಎನ್ನಲು ಬಾಯಿ ಬರುವುದಿಲ್ಲ. ಅದೇ ಕೆಲಸವನ್ನು ಒಬ್ಬ ಮಲತಂದೆ ಮಾಡಿದರೆ? ಯಾರೂ ಕ್ಷಣವೂ ಯೋಚಿಸುವುದಿಲ್ಲ. ಕೃತ್ಯ ಒಂದೇ, ನಡುವೆ ಬಂದಿರುವುದು ಅರಿವು. ಬೇಡ ಎಂಬ ಮಾತು ಆ ಮನುಷ್ಯನ ಕಿವಿಗೆ ಬಿದ್ದಿದೆ, ಮುಸುವದ ಕಿವಿಗೆ ಬಿದ್ದಿಲ್ಲ. ಆದಿಕಾಂಡ ಆ ಮರವನ್ನು ಒಳ್ಳೆಯದು ಕೆಟ್ಟದ್ದರ ಅರಿವಿನ ಮರ ಎಂದು ಕರೆದದ್ದು ಎಷ್ಟು ನಿಖರ ಎಂದು ನನಗೆ ಧಾರವಾಡದ ಮುಸುವಗಳ ಬಗ್ಗೆ ಓದಿದ ಮೇಲೆಯೇ ಹೊಳೆದದ್ದು. 1902ರಷ್ಟು ಹಿಂದೆಯೇ ಎಫ್. ಆರ್. ಟೆನೆಂಟ್ ಎಂಬ ಕೇಂಬ್ರಿಜಿನ ದೈವಶಾಸ್ತ್ರಜ್ಞರು ಈ ದಾರಿ ಹಿಡಿದರು. ಹಸಿವು, ಕಾಮ, ಕೋಪ, ತನ್ನದೆಂಬ ಹಟ, ಇವು ಪ್ರಾಣಿಕುಲದಿಂದ ಬಂದ ಆಸ್ತಿ. ಸ್ವತಃ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅಂತಃಸಾಕ್ಷಿ ಎಚ್ಚೆತ್ತ ಮೇಲೂ ಅವುಗಳಿಗೆ ಶರಣಾಗುವುದು ಪಾಪ ಎಂಬುದು ಅವರ ವಾದದ ಸಾರ.

ಆದರೆ ಇಲ್ಲಿಗೇ ನಿಂತರೆ ಸಾಲದು. ಪಾಪವೆಂದರೆ ನಮ್ಮೊಳಗೆ ಉಳಿದ ಮೃಗ ಎಂದುಬಿಡುವುದು ಸುಲಭ, ಆದರೆ ಅರ್ಧಸತ್ಯ. ಸಂತ ಅಗಸ್ಟೀನರು ತಮ್ಮ ಹುಡುಗಾಟದ ಒಂದು ಕಳ್ಳತನವನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹದಿನಾರರ ವಯಸ್ಸಿನಲ್ಲಿ ರಾತ್ರಿ ಗೆಳೆಯರೊಂದಿಗೆ ನೆರೆಯ ತೋಟಕ್ಕೆ ನುಗ್ಗಿ ಪಿಯರ್ ಹಣ್ಣುಗಳನ್ನು ಉದುರಿಸಿ ಹೊತ್ತೊಯ್ದರು. ಹಸಿವಿರಲಿಲ್ಲ. ಅವಕ್ಕಿಂತ ಒಳ್ಳೆಯ ಹಣ್ಣುಗಳು ಅವರಲ್ಲೇ ಇದ್ದವು. ಒಂದೆರಡು ಕಚ್ಚಿ ಉಳಿದದ್ದನ್ನು ಹಂದಿಗಳಿಗೆ ಎಸೆದರು. ಮಾಡಬಾರದೆಂಬ ಕಾರಣಕ್ಕೇ ಅದು ರುಚಿಸಿತು ಎಂದು ಅವರು ನಡುಗುತ್ತಾ ಬರೆಯುತ್ತಾರೆ. ಬಾಳೆತೋಟಕ್ಕೆ ನುಗ್ಗುವ ಮಂಗ ಹೀಗೆ ಮಾಡುವುದಿಲ್ಲ. ಅದು ಹಸಿದು ಬರುತ್ತದೆ. ನಮ್ಮ ಅತಿ ಕೆಟ್ಟ ಪಾಪಗಳು ಮೃಗದ ಪಾಪಗಳೇ ಅಲ್ಲ. ಸುಳ್ಳುಸಾಕ್ಷಿ ಹೇಳುವುದು, ವರದಕ್ಷಿಣೆಗಾಗಿ ಸೊಸೆಯನ್ನು ಸುಡುವುದು, ಒಂದು ಜನಾಂಗವನ್ನೇ ಪಟ್ಟಿ ಮಾಡಿ ಕೊಲ್ಲುವುದು, ಇವಕ್ಕೆಲ್ಲ ಬುದ್ಧಿ ಬೇಕು, ಭಾಷೆ ಬೇಕು, ನಾಳೆಯ ಯೋಚನೆ ಬೇಕು. ಯಾವುದು ನಮ್ಮನ್ನು ಪ್ರಾಣಿಗಿಂತ ಮೇಲೆತ್ತಿತೋ ಅಲ್ಲಿಯೇ ಪಾಪಕ್ಕೂ ಜಾಗವಾಯಿತು. 20ನೆಯ ಶತಮಾನದಲ್ಲಿ ಅಮೆರಿಕದ ದೈವಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ ಒತ್ತಿ ಹೇಳಿದ್ದು ಇದನ್ನೇ.

ಹಾಗಾದರೆ ರಕ್ತದಲ್ಲಿ ಇಳಿದುಬರುವ ದೋಷದ ಚಿತ್ರ ಬಂದದ್ದು ಎಲ್ಲಿಂದ? ಬಹುಮಟ್ಟಿಗೆ ಅದೇ ಅಗಸ್ಟೀನರಿಂದ (354–430), ಅದರಲ್ಲೂ ಒಂದು ಸಣ್ಣ ಅನುವಾದದಿಂದ. ರೋಮನರಿಗೆ ಬರೆದ ಪತ್ರದ 5:12ರಲ್ಲಿ ಸಂತ ಪೌಲರು ಗ್ರೀಕಿನಲ್ಲಿ ಹೇಳಿದ್ದು, ಎಲ್ಲರೂ ಪಾಪ ಮಾಡಿದ್ದರಿಂದ ಮರಣ ಎಲ್ಲರನ್ನೂ ವ್ಯಾಪಿಸಿತು ಎಂದು. ಅಗಸ್ಟೀನರ ಕೈಯಲ್ಲಿದ್ದ ಲ್ಯಾಟಿನ್ ಬೈಬಲಿನಲ್ಲಿ ‘ಇನ್ ಕ್ವೋ’ ಎಂದಿತ್ತು. ಅದನ್ನು ಅವರು ‘ಅವನೊಳಗೆ’ ಎಲ್ಲರೂ ಪಾಪ ಮಾಡಿದರು ಎಂದು ಓದಿದರು. ಆದಾಮನ ಸೊಂಟದಲ್ಲಿ ನಾವೆಲ್ಲ ಇದ್ದೆವು, ಆದ್ದರಿಂದ ಅವನ ದೋಷ ನಮ್ಮದೂ ಹೌದು ಎಂಬ ತೀರ್ಮಾನಕ್ಕೆ ಆ ಓದು ಆಸರೆಯಾಯಿತು. ನಮ್ಮ ಕನ್ನಡ ಬೈಬಲ್ ಗ್ರೀಕಿನ ಅರ್ಥವನ್ನೇ ಹಿಡಿದಿದೆ. ಬೇಕಾದರೆ ತೆಗೆದು ನೋಡಿ. ಗ್ರೀಕ್ ಓದುತ್ತಿದ್ದ ಪೂರ್ವದೇಶಗಳ ಕ್ರೈಸ್ತ ಸಭೆಗಳು ಆದಾಮನಿಂದ ಬಂದದ್ದು ಮರಣ, ದೌರ್ಬಲ್ಯ, ಒಡೆದ ಸಂಬಂಧ ಎಂದವೇ ಹೊರತು ಅವನ ಅಪರಾಧವನ್ನು ಮಕ್ಕಳ ತಲೆಗೆ ಕಟ್ಟಲಿಲ್ಲ. ಅಗಸ್ಟೀನರಿಗಿಂತ ಇನ್ನೂರು ವರ್ಷ ಮುಂಚೆ ಲಿಯೋನ್ಸ್‌ನ ಸಂತ ಇರೇನಿಯಸರು ಆದಾಮನನ್ನು ಪರಿಪೂರ್ಣ ಪುರುಷನೆಂದು ನೋಡದೆ, ಇನ್ನೂ ಬೆಳೆಯಬೇಕಾದ ಮಗು ಎಂದು ನೋಡಿದ್ದರು. ಬೆಳೆಯುತ್ತಾ ದೇವರ ಕಡೆಗೆ ಸಾಗುವ ಮನುಕುಲ ಎಂಬ ಆ ನೋಟ ವಿಕಾಸದ ಕಥೆಯ ಪಕ್ಕದಲ್ಲಿ ಎಷ್ಟು ಸಹಜವಾಗಿ ಕೂರುತ್ತದೆ ನೋಡಿ. ಹಾಗೆಂದು ಅಗಸ್ಟೀನರನ್ನು ತಳ್ಳಿಹಾಕಬೇಡಿ. ಪಾಪ ಹರಿದುಬರುವ ಬಗೆಯನ್ನು ಅವರು ಹೇಳಿದ್ದು ತಪ್ಪಿರಬಹುದು, ಆದರೆ ಅವರು ಕಂಡದ್ದು ನಿಜ: ಬರಿಯ ಸ್ವಪ್ರಯತ್ನದಿಂದ ಮನುಷ್ಯ ತನ್ನ ಕೇಡಿನಿಂದ ಎದ್ದು ಬರಲಾರ.

ವಿಕಾಸದ ಬಗ್ಗೆ ಧರ್ಮಸಭೆಯ ನಿಲುವನ್ನು ಹೆಚ್ಚು ಹಿಗ್ಗಿಸಿ ಹೇಳುವುದಿಲ್ಲ. ದಾರಿ ನೆಟ್ಟಗಿರಲಿಲ್ಲ. ಜೆಸ್ವಿಟ್ ಗುರು ತೇಯಾರ್ ದ ಶಾರ್ದಾಂ 1922ರಲ್ಲಿ ಜನ್ಮಪಾಪದ ಬಗ್ಗೆ ಬರೆದ ಟಿಪ್ಪಣಿಯಿಂದಾಗಿ ಪ್ಯಾರಿಸ್ಸಿನ ಅಧ್ಯಾಪಕ ಹುದ್ದೆ ಕಳೆದುಕೊಂಡು ಚೀನಾಕ್ಕೆ ಹೋಗಬೇಕಾಯಿತು. 1950ರಲ್ಲಿ ಪೋಪ್ 12ನೆಯ ಪಿಯೂಸರು ದೇಹದ ವಿಕಾಸವನ್ನು ಚರ್ಚಿಸಬಹುದೆಂದರು. ಆದರೆ ಮನುಷ್ಯರು ಅನೇಕ ಮೂಲದಂಪತಿಗಳಿಂದ ಬಂದರೆಂಬ ವಾದ ಜನ್ಮಪಾಪದ ಬೋಧನೆಗೆ ಹೇಗೆ ಹೊಂದುತ್ತದೆಂದು ಕಾಣದು ಎಂದರು. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ವಿಕಾಸವಾದ ಬರಿಯ ಊಹೆಗಿಂತ ಹೆಚ್ಚಿನದು ಎಂದರು. 2014ರಲ್ಲಿ ಪೋಪ್ ಫ್ರಾನ್ಸಿಸ್, ದೇವರು ಮಂತ್ರದಂಡ ಹಿಡಿದ ಜಾದೂಗಾರನಲ್ಲ ಎಂದರು. ಮನುಕುಲದ ಇತಿಹಾಸದ ಆರಂಭದಲ್ಲಿ ನಿಜವಾಗಿಯೂ ಒಂದು ಘಟನೆ ನಡೆಯಿತು, ಆದಿಕಾಂಡ ಅದನ್ನು ಸಾಂಕೇತಿಕ ಭಾಷೆಯಲ್ಲಿ ಹೇಳುತ್ತದೆ ಎಂಬುದು ಧರ್ಮೋಪದೇಶ ಗ್ರಂಥದ ಬೋಧನೆ.

ಹೀಗಿರುವಾಗ ನಿಮ್ಮಂಥವರು ಹಿಡಿಯುವ ದಾರಿಗಳು ಯಾವುವು, ಅವುಗಳಲ್ಲಿನ ಅಪಾಯಗಳೇನು?

ವಿಕಾಸವನ್ನೇ ಅಲ್ಲಗಳೆದು ಆರು ದಿನ, ಆರು ಸಾವಿರ ವರ್ಷ ಎಂದು ನಿಲ್ಲುವುದು ಒಂದು. ಹಾಗೆ ನಂಬುವ ಪ್ರಾಮಾಣಿಕ ಜನರನ್ನು ನಾನು ಬಲ್ಲೆ, ಅವರ ಭಕ್ತಿಯನ್ನು ಗೌರವಿಸುತ್ತೇನೆ. ಆದರೆ ನೀವು ಅದನ್ನು ಆ ಹುಡುಗನಿಗೆ ಹೇಳಿದರೆ, ಪ್ರಯೋಗಾಲಯದಲ್ಲಿ ಒಂದು ಬಾಗಿಲು ತೆರೆದ ದಿನ ಚರ್ಚಿನ ಬಾಗಿಲು ಅವನಿಗೆ ಮುಚ್ಚಿಹೋಗುತ್ತದೆ. ಪ್ರಕೃತಿಯ ವಿಷಯದಲ್ಲಿ ಕ್ರೈಸ್ತರು ಬೈಬಲಿನ ಹೆಸರಿನಲ್ಲಿ ಅಸಂಬದ್ಧ ಮಾತನಾಡಿದರೆ, ಅನ್ಯರು ಪುನರುತ್ಥಾನದ ಬಗ್ಗೆ ನಮ್ಮ ಮಾತನ್ನು ಹೇಗೆ ನಂಬಿಯಾರು ಎಂದು ಅಗಸ್ಟೀನರೇ ಎಚ್ಚರಿಸಿದ್ದರು.

ಸಾವಿರಾರು ಜನರ ನಡುವೆ ದೇವರು ಒಂದು ದಂಪತಿಯನ್ನು ಆರಿಸಿ ಮಾತನಾಡಿದರು, ಅವರೇ ಆದಾಮ ಹವ್ವ ಎಂಬುದು ಇನ್ನೊಂದು ದಾರಿ. ಇದರ ಇತ್ತೀಚಿನ ರೂಪವನ್ನು 2019ರಲ್ಲಿ ಜೋಶುವಾ ಸ್ವಾಮಿದಾಸ್ ಎಂಬ ಅಮೆರಿಕದ ಜೀವವಿಜ್ಞಾನಿ ಮಂಡಿಸಿದರು. ಜೀನ್‌ಗಳ ಮೂಲ ಬೇರೆ, ವಂಶಾವಳಿಯ ಮೂಲ ಬೇರೆ. ಕೆಲವು ಸಾವಿರ ವರ್ಷಗಳ ಹಿಂದಿನ ಒಂದು ದಂಪತಿ, ಅವರ ಮಕ್ಕಳು ಸುತ್ತಲಿನವರೊಂದಿಗೆ ಮದುವೆಯಾಗುತ್ತ ಹೋದರೆ, ಇಂದಿನ ಎಲ್ಲರ ವಂಶವೃಕ್ಷದಲ್ಲೂ ಇರಲು ಸಾಧ್ಯ ಎಂಬುದು ಅವರ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ, ಹಳೆಯ ಬೋಧನೆಗೂ ಹತ್ತಿರವಿದೆ. ಆದರೆ ತೋಟದ ಹೊರಗಿದ್ದವರು ಯಾರು? ಅವರಿಗೆ ಆತ್ಮವಿರಲಿಲ್ಲವೇ? ಆದಾಮನಿಗಿಂತ ಮೊದಲೂ ಮನುಷ್ಯರಿದ್ದರೆಂದು 1655ರಲ್ಲಿ ಫ್ರಾನ್ಸಿನ ಐಸಾಕ್ ಲಾ ಪೆರೇರ್ ಎಂಬ ಲೇಖಕ ಬರೆದ ವಿಚಾರವನ್ನು ಮುಂದೆ ಗುಲಾಮಗಿರಿಯ ಪರವಾದವರು ಕರಿಯರು ಆದಾಮನ ಮಕ್ಕಳೇ ಅಲ್ಲ ಎನ್ನಲು ಬಳಸಿಕೊಂಡರು. ಇಂದು ಈ ವಾದ ಮಂಡಿಸುವವರು ಆ ಅಪಾಯವನ್ನು ತಿಳಿದು ಎಲ್ಲರಿಗೂ ಸಮಾನ ಘನತೆಯಿತ್ತು ಎಂದು ಹೇಳುತ್ತಾರೆ. ಆದರೂ ಹುಟ್ಟಿನಿಂದ ಮೇಲುಕೀಳು ಅಳೆದ ನಮ್ಮಂಥ ದೇಶದಲ್ಲಿ 'ಒಳಗಿನವರು, ಹೊರಗಿನವರು' ಎಂಬ ಮಾತನ್ನು ಬಹಳ ಎಚ್ಚರಿಕೆಯಿಂದ ಆಡಬೇಕು.

ಆದಾಮನೆಂದರೆ ಮೊದಲ ಮಾನವ ಸಮುದಾಯ ಎಂದು ತಿಳಿಯುವುದು ಮೂರನೆಯದು. ಮೊದಲು ಏಕದಂಪತಿಯ ಪರ ವಾದಿಸಿದ್ದ ಜರ್ಮನಿಯ ದೈವಶಾಸ್ತ್ರಜ್ಞ ಕಾರ್ಲ್ ರಾನರ್ 1960ರ ದಶಕದಲ್ಲಿ, ಅನೇಕರಿಂದ ಆರಂಭವಾಯಿತೆಂದರೂ ಜನ್ಮಪಾಪದ ಬೋಧನೆಗೆ ಧಕ್ಕೆಯಿಲ್ಲ ಎಂಬ ನಿಲುವಿಗೆ ಬಂದರು. ನನ್ನ ಮನಸ್ಸು ಒಲಿಯುವುದು ಇದಕ್ಕೆ. ಇದರಲ್ಲೂ ಜಾರುವ ಜಾಗವಿದೆ. ಪಾಪ ಮನುಷ್ಯನಾಗುವ ದಾರಿಯಲ್ಲಿ ತಪ್ಪದೆ ಬರುವ ಒಂದು ಮೆಟ್ಟಿಲು ಎಂದುಬಿಟ್ಟರೆ, ಹಾಗೆ ನಿರ್ಮಿಸಿದ ದೇವರೇ ಅದಕ್ಕೆ ಹೊಣೆಯಾಗುತ್ತಾರೆ. ಆದ್ದರಿಂದ ನಾನು ಒಂದು ಗಂಟನ್ನು ಬಿಗಿಯಾಗಿ ಹಾಕುತ್ತೇನೆ: ಒಮ್ಮೆ, ನಿಜವಾದ ಒಂದು ಕಾಲದಲ್ಲಿ, ಅರಿತವರು ಅರಿತೇ ಮುಖ ತಿರುಗಿಸಿದರು. ತಿರುಗಿಸದೇ ಇರಬಹುದಿತ್ತು. ಅವರು ಇಬ್ಬರೇ, ಇನ್ನೂರೇ, ಯಾವ ನದಿಯ ದಂಡೆಯಲ್ಲಿದ್ದರು ಎಂಬುದನ್ನು ಮೂಳೆಗಳು ಹೇಳಲಾರವು. ಪಾಪ ಎಂಬ ಮಾತನ್ನೇ ಬಿಟ್ಟು ಎಲ್ಲವನ್ನೂ ಜೀನ್‌ಗಳ ಮೇಲೆ ಹಾಕುವವರೂ ಇದ್ದಾರೆ. ಅವರಿಗೆ ನಾನು ಕೇಳುವುದು ಒಂದೇ, ನಿಮ್ಮ ಮೇಲೆ ಯಾರಾದರೂ ಅನ್ಯಾಯ ಮಾಡಿದಾಗ ಅವನ ಜೀನ್‌ಗಳನ್ನು ಬೈಯುತ್ತೀರಾ, ಅವನನ್ನೇ?

ಈಗ, ಇಳಿದುಬರುವುದು ಏನು ಎಂಬುದಕ್ಕೆ ಬರುತ್ತೇನೆ. ನಾನು ಸಹಾಯಕ ಗುರುವಾಗಿದ್ದಾಗ ಒಂದು ಹಳ್ಳಿಯಲ್ಲಿ ಮನೆ ಭೇಟಿಗೆ ಹೋಗಿದ್ದೆ. ಜಗಲಿಯಲ್ಲಿ ಮೂರು ವರ್ಷದ ಹುಡುಗಿ ಆಡುತ್ತಿತ್ತು. ಗದ್ದೆ ಕೆಲಸದ ಹೆಂಗಸೊಬ್ಬಳು ಅಂಗಳಕ್ಕೆ ಬಂದು ಕುಡಿಯಲು ನೀರು ಕೇಳಿದಳು. ಯಾರೂ ಏನೂ ಹೇಳಲಿಲ್ಲ. ಆ ಮಗು ಎದ್ದು ಹೋಗಿ, ಒಳಗಿನ ಲೋಟಗಳನ್ನು ದಾಟಿ, ಹೊರಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದ ಲೋಟವನ್ನು ತಂದುಕೊಟ್ಟಿತು. ಅದು ಕ್ರೈಸ್ತರ ಮನೆ. ಗೋಡೆಯ ಮೇಲೆ ಯೇಸುಸ್ವಾಮಿಯ ಪವಿತ್ರ ಹೃದಯದ ಚಿತ್ರವಿತ್ತು. ಆ ಮಗು ಪಾಪ ಮಾಡಿತೇ? ಇಲ್ಲ. ಅದಕ್ಕೆ ಜಾತಿ ಎಂಬ ಪದವೂ ಗೊತ್ತಿರಲಿಲ್ಲ. ಆದರೆ ಅದರ ಕೈಗೆ ಆ ಲೋಟದ ದಾರಿ ಗೊತ್ತಿತ್ತು. ಆಯ್ಕೆ ಮಾಡುವ ವಯಸ್ಸು ಬರುವ ಮೊದಲೇ ಆಯ್ಕೆಯೊಂದು ಅದರ ಮೈಯಲ್ಲಿ ಕುಳಿತಾಗಿತ್ತು. ಜನ್ಮಪಾಪ ಕೃತ್ಯವಲ್ಲ, ಸ್ಥಿತಿ ಎಂದು ಕಲಿತದ್ದರ ಅರ್ಥ ನನಗೆ ಆ ಜಗಲಿಯಲ್ಲಿ ಕಣ್ಣಿಗೆ ಕಂಡಿತು. ಪೀತ್ ಸ್ಕೋನೆನ್‌ಬರ್ಗ್ ಎಂಬ ಡಚ್ ಜೆಸ್ವಿಟ್ ಗುರುಗಳು ಇದನ್ನೇ ‘ಲೋಕದ ಪಾಪ’ ಎಂದು ವಿವರಿಸಿದರು: ಒಬ್ಬರ ಪಾಪ ಇನ್ನೊಬ್ಬರು ಹುಟ್ಟಿಬರುವ ನೆಲವಾಗುತ್ತದೆ. ಸಾಲದ ಮನೆಯಲ್ಲಿ ಹುಟ್ಟಿದ ಮಗುವಿನಂತೆ. ಪತ್ರಕ್ಕೆ ರುಜು ಹಾಕಿದ್ದು ಅದಲ್ಲ, ಆದರೆ ಅದರ ತಟ್ಟೆಯಲ್ಲಿ ಅನ್ನ ಕಡಿಮೆ. ಇದು ಬರಿಯ ಅನುಕರಣೆಯಿಂದ ಬರುವುದಲ್ಲ ಎಂದು 1546ರಲ್ಲಿ ಧರ್ಮಸಭೆಯ ಟ್ರೆಂಟ್ ಮಹಾಸಭೆ ಹೇಳಿತ್ತು. ಆ ಮಗು ಯಾರನ್ನೋ ನೋಡಿ ಕಲಿತಿತು ಎಂದಷ್ಟೇ ಹೇಳಿದರೆ ನನಗೂ ಸಾಲದೆನಿಸುತ್ತದೆ. ಕಲಿಯುವ ಮೊದಲೇ ಕಲಿಯಲು ಒಳಗೊಂದು ಒಲವಿತ್ತು. ತನ್ನವರು ಯಾರು, ಹೊರಗಿನವರು ಯಾರು ಎಂದು ಬೇಗ ಗುರುತಿಸುವ ಆ ಬುದ್ಧಿ ಪ್ರಾಣಿಕುಲದ ಕೊಡುಗೆ. ಅದರ ಮೇಲೆ ಜಾತಿಯನ್ನು ಕಟ್ಟಿದ್ದು ಮನುಷ್ಯರು.

ಜ್ಞಾನಸ್ನಾನ ನಿಮ್ಮ ಮಗಳಿಗೆ ಮಾಡುವುದು ಏನೆಂದು ಈಗ ಹೇಳಬಹುದು. ಅದು ಕೊಳೆ ತೊಳೆಯುವ ನೀರೆಂದು ಮಾತ್ರ ನೋಡಬೇಡಿ. ಸಾಲದ ಮನೆಯ ಮಗುವನ್ನು ಇನ್ನೊಂದು ಮನೆಯವರು, ಇದು ನಮ್ಮದು, ಇದರ ಪಾಲು ಇಲ್ಲಿದೆ ಎಂದು ಎತ್ತಿಕೊಳ್ಳುವ ಗಳಿಗೆ ಅದು.

ಹುಡುಗನ ಕೊನೆಯ ಪ್ರಶ್ನೆ ಉಳಿಯಿತು. ಆದಾಮನಿಲ್ಲದಿದ್ದರೆ ಯೇಸುಸ್ವಾಮಿ ಸತ್ತದ್ದು ಯಾಕೆ? ಪೌಲರು ಆದಾಮನಿಂದ ಆರಂಭಿಸಿ ಕ್ರಿಸ್ತರ ಕಡೆಗೆ ಬಂದವರಲ್ಲ. ದಮಸ್ಕದ ದಾರಿಯಲ್ಲಿ ಕ್ರಿಸ್ತರು ಮೊದಲು ಎದುರಾದರು. ಎಲ್ಲರಿಗೂ ಇಂಥ ರಕ್ಷಕ ಬೇಕಾಗಿದ್ದರೆ ಎಲ್ಲರೂ ಒಂದೇ ಸಂಕಟದಲ್ಲಿದ್ದಿರಬೇಕು ಎಂದು ಅವರು ಹಿಂದಕ್ಕೆ ನೋಡಿದರು, ಆಗ ಆದಾಮ ಕಂಡನು. ಸುವಾರ್ತೆಗಳಲ್ಲಿ ಯೇಸುಸ್ವಾಮಿ ಆದಾಮನ ಹೆಸರನ್ನು ಒಮ್ಮೆಯೂ ಎತ್ತಿಲ್ಲ. ಅವರು ಬಂದದ್ದು ಎದುರಿಗಿದ್ದ ಪಾಪಿಗಳಿಗಾಗಿ, ಸುಂಕದವನಿಗಾಗಿ, ಕಲ್ಲೆಸೆಯಲು ನಿಂತವರಿಗಾಗಿ. ಕಾಯಿಲೆ ಮೊದಲು ಯಾರಿಗೆ ಬಂತೆಂದು ಗೊತ್ತಿಲ್ಲದಿದ್ದರೂ ಹಾಸಿಗೆಯಲ್ಲಿ ಮಲಗಿದವನ ಜ್ವರ ಜ್ವರವೇ, ವೈದ್ಯರು ಬೇಕೇ ಬೇಕು. ಫ್ರಾನ್ಸಿಸ್ಕನ್ ಗುರು ಡನ್ಸ್ ಸ್ಕೋಟಸರಂತೂ ಮನುಷ್ಯ ಪಾಪ ಮಾಡದಿದ್ದರೂ ದೇವರ ಮಗ ಮನುಷ್ಯರಾಗಿ ಬರುತ್ತಿದ್ದರು ಎಂದು ಕಲಿಸಿದರು. ಈ ಮಾತು ನನಗೆ ತುಂಬ ಪ್ರಿಯ. ಕೆಟ್ಟುಹೋದ ಯಂತ್ರವನ್ನು ದುರಸ್ತಿ ಮಾಡಲು ಬಂದವರಂತೆ ಅಲ್ಲ, ಪ್ರೀತಿಸಿದವರ ಮನೆಗೆ ಬಂದವರಂತೆ ಅವರು ಬಂದರು. ಮನೆಯಲ್ಲಿ ಬೆಂಕಿಯಿತ್ತು, ಆದ್ದರಿಂದ ಸುಟ್ಟುಕೊಂಡರು.

ಮುಂದಿನ ಭಾನುವಾರ ಆ ಹುಡುಗನನ್ನು ಪಕ್ಕಕ್ಕೆ ಕರೆದು, ಮೂರು ವಾರ ತಡಮಾಡಿದ್ದಕ್ಕೆ ಮೊದಲು ಅವನ ಕ್ಷಮೆ ಕೇಳಿ. ಆಮೇಲೆ ಧಾರವಾಡದ ಮುಸುವಗಳ ಕಥೆ ಹೇಳಿ, ಆ ಗಂಡು ಮುಸುವ ಪಾಪ ಮಾಡಿತೇ ಎಂದು ಕೇಳಿ ಸುಮ್ಮನಿರಿ. ಅವನು ಉತ್ತರ ಹೇಳಿದ ಮೇಲೆ ಆದಿಕಾಂಡದ ನಾಲ್ಕನೆಯ ಅಧ್ಯಾಯವನ್ನು ಅವನ ಕೈಯಿಂದಲೇ ಓದಿಸಿ. ಏಳನೆಯ ವಚನದಲ್ಲಿ ಅವನು ನಿಂತು ಇನ್ನೊಂದು ಪ್ರಶ್ನೆ ಕೇಳುತ್ತಾನೆ ಎಂದು ನನಗನ್ನಿಸುತ್ತದೆ. ಅದು ಏನೆಂದು ನನಗೆ ಬರೆಯಿರಿ.